ಬಿಟ್ಟ ಕ್ಯಾಮೆರಾ ಸಿಸ್ಟಮ್‌ಗೆ ವಾಪಸ್ ಹೋಗಬೇಕಾ? ವೃತ್ತಿಪರರಿಗೆ ಒಂದು ಹೋಲಿಕೆ

2013ರಲ್ಲಿ ಸೋನಿ ಎ7 ಬಂತು. 2017ರಲ್ಲಿ ಎ9, ಮರುವರ್ಷ ಎ7 ಮಾರ್ಕ್ 3. ಆ ಕಾಲದಲ್ಲಿ ಎಷ್ಟೋ ವೃತ್ತಿಪರ ಫೋಟೋಗ್ರಾಫರ್‌ಗಳು ತಮ್ಮ ನಿಕಾನ್, ಕ್ಯಾನನ್ ಡಿಎಸ್‌ಎಲ್‌ಆರ್‌ಗಳನ್ನು (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳನ್ನು) ಮಾರಿ ಕನ್ನಡಿಯಿಲ್ಲದ ಈ ಸೋನಿಗಳತ್ತ ಹೋದರು. ಕಣ್ಣನ್ನು ತಾನಾಗಿ ಹಿಡಿದು ಬಿಡದ ಫೋಕಸ್ ಇತ್ತು, ಸದ್ದಿಲ್ಲದ ಶಟರ್ ಇತ್ತು, ಬಾಡಿ ಹಗುರವಾಗಿತ್ತು. ಹೋಗಿದ್ದು ಸರಿಯಾಗೇ ಇತ್ತು. ಈಗ ಅವರಲ್ಲಿ ಹಲವರು ವಾಪಸ್ ಹೋಗೋಣವಾ ಅಂತ ಯೋಚಿಸುತ್ತಿದ್ದಾರೆ. ಈ ಬರಹ ಅವರಿಗಾಗಿ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳೋಣ. ನೀವು ಬಿಟ್ಟು ಬಂದ ಜಾಗ ಈಗ ಹಾಗೇ ಇಲ್ಲ. ಕಂಪನಿಯ ಹೆಸರು ಅದೇ, ಮೆನುವಿನ ಛಾಯೆ ಅದೇ, ಆದರೆ ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಕೂರುವ ಜೋಡಣೆ, ಬೇರೆ. ನಿಕಾನ್ ಎಫ್ ಮೌಂಟ್ 1959ರದು. ಅದರಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರ್‌ಗೂ 46.5 ಮಿ.ಮೀ. ಅಂತರ. 2018ರಲ್ಲಿ ಬಂದ ಜೆಡ್ ಮೌಂಟ್‌ನಲ್ಲಿ ಅದು 16 ಮಿ.ಮೀ. ಮಾತ್ರ. ಕ್ಯಾನನ್ ಇಎಫ್ ಬಂದದ್ದು 1987ರಲ್ಲಿ, ಅಂತರ 44 ಮಿ.ಮೀ. 2018ರ ಆರ್‌ಎಫ್‌ನಲ್ಲಿ ಅದು 20ಕ್ಕೆ ಇಳಿಯಿತು. ಹಾಗಾಗಿ ಇವತ್ತು ಸೋನಿಯಿಂದ ನಿಕಾನ್‌ಗೆ ಹೋಗುವುದು ಅಂದರೆ ಹೆಚ್ಚುಕಡಿಮೆ ಮೂರನೇ ಸಿಸ್ಟಮ್ ಕೊಂಡ ಹಾಗೆ. ಹಳೆಯ ಪ್ರೀತಿ ಇದೆ ಅನ್ನುವುದೊಂದೇ ಕಾರಣಕ್ಕೆ ಇದನ್ನು 'ವಾಪಸ್' ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಹೀಗೆ ನೋಡಿದರೆ ದಾರಿಗಳು ನಾಲ್ಕು. ಹಳೆಯ ಡಿಎಸ್‌ಎಲ್‌ಆರ್ ಮೌಂಟ್‌ಗೇ ಮರಳುವುದು. ಅದೇ ಕಂಪನಿಯ ಹೊಸ ಮೌಂಟ್‌ಗೆ ಹೋಗುವುದು. ಇದ್ದಲ್ಲೇ ಇದ್ದು ಬಾಡಿಯನ್ನೋ ಲೆನ್ಸನ್ನೋ ಬದಲಿಸುವುದು. ಎರಡನ್ನೂ ಇಟ್ಟುಕೊಳ್ಳುವುದು.

ಯಾಕೆ ಬಿಟ್ಟಿರಿ ಅನ್ನುವುದನ್ನು ಬರೆದಿಡಿ

ಯಾವ ದಾರಿ ಅನ್ನುವುದಕ್ಕೆ ಮೊದಲು ಈ ಕೆಲಸ. ಒಂದು ಹಾಳೆಯಲ್ಲಿ, ಹಳೆ ಸಿಸ್ಟಮ್ ಬಿಟ್ಟ ಕಾರಣಗಳನ್ನು ಬರೆಯಿರಿ. ಆಮೇಲೆ ಪ್ರತಿಯೊಂದರ ಮುಂದೆ, ಆ ಕಾರಣ ಈಗಲೂ ಇದೆಯಾ ಅಂತ ಗುರುತು ಮಾಡಿ.

ಫೋಕಸ್‌ಗಾಗಿ ಬಿಟ್ಟಿದ್ದರೆ ಆ ಕಾರಣ ಈಗ ಇಲ್ಲ. ಕ್ಯಾನನ್ 2020ರಲ್ಲಿ ಆರ್5, ಆರ್6 ತಂದಾಗಲೇ ಅಂತರ ಮುಚ್ಚಿತು. ನಿಕಾನ್‌ಗೆ ಸ್ವಲ್ಪ ತಡವಾಯಿತು. 2018ರ ಜೆಡ್6, ಜೆಡ್7ರಲ್ಲಿ ಕಣ್ಣಿನ ಫೋಕಸ್ ಆಮೇಲೆ ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್‌ನಲ್ಲಿ) ಸೇರಿದ್ದು. 2021ರ ಜೆಡ್9 ಬಂದ ಮೇಲೆ ಆಟ ಬದಲಾಯಿತು, 2023ರ ಜೆಡ್8 ಅದನ್ನೇ ಸಣ್ಣ ಬಾಡಿಗೆ ಇಳಿಸಿತು. ಆದರೆ ಇನ್ನೊಂದು ಬದಿಯನ್ನೂ ನೋಡಿ. ಸೋನಿ ಸುಮ್ಮನೆ ಕೂತಿರಲಿಲ್ಲ. ಈಗ ಮೂರೂ ಕಂಪನಿಗಳ ಮೇಲಿನ ದರ್ಜೆಯ ಬಾಡಿಗಳು ಸರಿಸುಮಾರು ಒಂದೇ ಸಾಲಿನಲ್ಲಿವೆ. ಹಾಗಾಗಿ ಫೋಕಸ್ ಒಂದನ್ನೇ ನಂಬಿ ವಾಪಸ್ ಹೋಗುವುದರಲ್ಲಿ ಅರ್ಥವಿಲ್ಲ.

ಒಂದೇ ಕಾರ್ಡ್ ಸ್ಲಾಟ್ ಅಂತ ಬಿಟ್ಟಿರಾ? ಮೊದಲ ಜೆಡ್6, ಜೆಡ್7, ಕ್ಯಾನನ್ ಇಒಎಸ್ ಆರ್ ಮೂರರಲ್ಲೂ ಒಂದೇ ಸ್ಲಾಟ್ ಇತ್ತು. ಮದುವೆ ತೆಗೆಯುವವರು ಅದನ್ನು ನೋಡಿ ಹಿಂದೆ ಸರಿದದ್ದು ನ್ಯಾಯವೇ. ಮತ್ತೆ ಸಿಗದ ಕ್ಷಣಕ್ಕೆ ಎರಡನೇ ಪ್ರತಿ ಬೇಕೇ ಬೇಕು. 2020ರ ಜೆಡ್6 ಮಾರ್ಕ್ 2, ಆರ್5, ಆರ್6ರಿಂದ ಆಚೆಗೆ ವೃತ್ತಿಗೆ ಅಂತಲೇ ಬರುವ ಬಾಡಿಗಳಲ್ಲಿ ಎರಡು ಸ್ಲಾಟ್ ಮಾಮೂಲು.

ಭಾರಕ್ಕಾಗಿ ಬಿಟ್ಟವರು ಮಾತ್ರ ನಿಧಾನಿಸಬೇಕು. ಲೆಕ್ಕ ಹಾಕಿ ನೋಡೋಣ. ನಿಕಾನ್ ಡಿ850 ಬ್ಯಾಟರಿ ಸೇರಿ 1005 ಗ್ರಾಂ, ಅದರ 24-70 ಎಫ್2.8 ವಿಆರ್ ಲೆನ್ಸ್ 1070. ಒಟ್ಟು ಎರಡು ಕೆಜಿ ದಾಟಿತು. ಜೆಡ್8 ಜೊತೆ 2019ರ ಜೆಡ್ 24-70 ಎಫ್2.8 ಹಿಡಿದರೆ 910 ಮತ್ತು 805, ಸುಮಾರು 1.7 ಕೆಜಿ. ಸೋನಿ ಎ7 ಮಾರ್ಕ್ 4 ಜೊತೆ 24-70 ಜಿಎಂ 2 ಹಿಡಿದರೆ 658 ಮತ್ತು 695, ಸುಮಾರು 1.35 ಕೆಜಿ. ದಿನವಿಡೀ ಎರಡು ಬಾಡಿ ಹೆಗಲಿಗೆ ಹಾಕಿಕೊಂಡು ಓಡಾಡುವವರಿಗೆ ಈ ಮುನ್ನೂರು ಚಿಲ್ಲರೆ ಗ್ರಾಂ ದುಪ್ಪಟ್ಟಾಗುತ್ತದೆ. ಜೆಡ್8 ಬೇರೆ ದರ್ಜೆಯ ಬಾಡಿ, ಜೆಡ್6 ಮಾರ್ಕ್ 3 ತೆಗೆದುಕೊಂಡರೆ ಅಂತರ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೂ ಬೆನ್ನುನೋವು ನಿಮ್ಮನ್ನು ಅಲ್ಲಿಂದ ಓಡಿಸಿದ್ದರೆ, ತಕ್ಕಡಿ ಹಿಡಿಯದೆ ತೀರ್ಮಾನ ಮಾಡಬೇಡಿ.

ಇನ್ನು ಕೆಲವರು ಬಿಟ್ಟದ್ದಕ್ಕೆ ಕಾರಣವೇ ಇರಲಿಲ್ಲ. ಎಲ್ಲರೂ ಹೋಗುತ್ತಿದ್ದರು, ಅವರೂ ಹೋದರು. ಅಂಥವರು ಈಗ ಎಲ್ಲರೂ ಮರಳುತ್ತಿದ್ದಾರೆ ಅಂತ ಮರಳಿದರೆ ಮತ್ತೆ ಅದೇ ಕಥೆ.

ಕೈ ಹೇಳುವ ಮಾತು

ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಬಾರದ, ಆದರೆ ವಾಪಸ್ ಹೋದವರು ಎಲ್ಲಕ್ಕಿಂತ ಜಾಸ್ತಿ ಹೇಳುವ ವಿಷಯ ಇದು. ಕ್ಯಾಮೆರಾ ಕೈಯಲ್ಲಿ ಕೂರುವ ರೀತಿ.

ಸೋನಿಯ ಮೂರನೇ ತಲೆಮಾರಿನ ಎ7 ಹಿಡಿದು ನೋಡಿ. ಅಂಗೈ ದೊಡ್ಡದಿದ್ದರೆ ಕಿರುಬೆರಳು ಬಾಡಿಯ ಕೆಳಗೆ ಗಾಳಿಯಲ್ಲಿ ಉಳಿಯುತ್ತದೆ. ಹಿಡಿಗೂ ಲೆನ್ಸ್‌ಗೂ ನಡುವೆ ಜಾಗ ಕಡಿಮೆ. 70-200 ಹಾಕಿದಾಗ ಗೆಣ್ಣು ಲೆನ್ಸ್‌ಗೆ ಉಜ್ಜುತ್ತದೆ, ಕೈಗವಸು ಹಾಕಿದ್ದರೆ ಇನ್ನೂ ಕಷ್ಟ. ಒಂದೆರಡು ಗಂಟೆ ಗೊತ್ತಾಗುವುದಿಲ್ಲ. ಎಂಟನೇ ಗಂಟೆಗೆ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. 2019ರ ಎ7ಆರ್ ಮಾರ್ಕ್ 4ರಿಂದ ಹಿಡಿ ಆಳವಾಗಿದೆ. ಅಂದರೆ ಕೈ ನೋವೇ ನಿಮ್ಮ ಸಮಸ್ಯೆಯಾದರೆ, ಸಿಸ್ಟಮ್ ಬಿಡದೆ ಬಾಡಿ ಮಾತ್ರ ಬದಲಿಸಿದರೂ ಆದೀತು. ಇದನ್ನು ಮರೆತು ಲೆನ್ಸ್‌ಗಳನ್ನೆಲ್ಲ ಮಾರಿದವರಿದ್ದಾರೆ.

ಇನ್ನೊಂದು, ಬೆರಳಿನ ಅಭ್ಯಾಸ. ನಿಕಾನ್ ಲೆನ್ಸ್ ಹಾಕುವಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುತ್ತೇವೆ. ಕ್ಯಾನನ್, ಸೋನಿಯಲ್ಲಿ ಮುಳ್ಳು ತಿರುಗುವ ದಿಕ್ಕಿಗೇ. ಜೂಮ್ ರಿಂಗ್ ಕೂಡ ನಿಕಾನ್‌ಗೂ ಕ್ಯಾನನ್‌ಗೂ ಉಲ್ಟಾ. ಹತ್ತು ಹದಿನೈದು ವರ್ಷ ಒಂದೇ ಕಡೆ ತಿರುಗಿಸಿದ ಕೈ ಅದನ್ನು ಮರೆಯುವುದಿಲ್ಲ. ವೇದಿಕೆಯ ಮೇಲೆ ದೀಪ ಆರಿ ಒಂದೇ ಒಂದು ಬೆಳಕು ಬಿದ್ದಾಗ, ಹತ್ತಿರ ತರಬೇಕಾದ್ದನ್ನು ದೂರ ತಳ್ಳಿದರೆ ಆ ಚಿತ್ರ ಹೋಯಿತು. ಹಳೆ ಸಿಸ್ಟಮ್‌ಗೆ ಮರಳಿದವರ ಕೈ ಬೇಗ ಪಳಗುತ್ತದೆ ಅನ್ನುವುದು ನಿಜ. ಇದು ಅವರ ಪರವಾಗಿರುವ ದೊಡ್ಡ ಅಂಶ, ನನ್ನ ಮಟ್ಟಿಗೆ ಮೆಗಾಪಿಕ್ಸೆಲ್‌ಗಿಂತ ದೊಡ್ಡದು.

ಬೀರುವಿನಲ್ಲಿ ಉಳಿದ ಲೆನ್ಸ್‌ಗಳು

ಮಾರದೆ ಇಟ್ಟುಕೊಂಡ ಲೆನ್ಸ್ ಎಷ್ಟಿದೆ ಅನ್ನುವುದರ ಮೇಲೆ ಎರಡನೇ ದಾರಿಯ ಖರ್ಚು ನಿಂತಿದೆ. ಇಲ್ಲಿ ಕ್ಯಾನನ್‌ನವರ ಅದೃಷ್ಟ ಚೆನ್ನಾಗಿದೆ. ಇಎಫ್ ಮೌಂಟ್ ಹುಟ್ಟಿನಿಂದಲೇ ಪೂರ್ತಿ ಎಲೆಕ್ಟ್ರಾನಿಕ್. ಫೋಕಸ್ ಮೋಟಾರ್ ಲೆನ್ಸ್‌ನೊಳಗೇ ಇದೆ, ಅಪರ್ಚರ್‌ಗೂ (ಬೆಳಕು ಬಿಡುವ ಕಿಂಡಿಗೂ) ಕಡ್ಡಿ, ಕೊಕ್ಕೆ ಇಲ್ಲ. ಹಾಗಾಗಿ 1980ರ ದಶಕದ ಇಎಫ್ ಲೆನ್ಸ್ ಕೂಡ ಕಂಪನಿಯದೇ ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯ ಮೇಲೆ ಫೋಕಸ್ ಮಾಡುತ್ತದೆ. ಮಾಮೂಲಿ ಅಡಾಪ್ಟರ್, ಕಂಟ್ರೋಲ್ ರಿಂಗ್ ಇರುವುದು, ಹಿಂದೆ ಫಿಲ್ಟರ್ ತೂರಿಸುವಂಥದ್ದು ಮೂರೂ ಇವೆ. ಮುಂಭಾಗ ಉಬ್ಬಿದ ಅಗಲದ ಲೆನ್ಸ್ ಇರುವವರಿಗೆ ಆ ಫಿಲ್ಟರ್ ಅಡಾಪ್ಟರ್ ನಿಜಕ್ಕೂ ವರ.

ನಿಕಾನ್‌ನಲ್ಲಿ ಅಷ್ಟು ಸಲೀಸಿಲ್ಲ. ಲೆನ್ಸ್ ಮೇಲೆ ಎಎಫ್-ಎಸ್ ಅಂತ ಬರೆದಿದ್ದರೆ, ಎಫ್ ಲೆನ್ಸನ್ನು ಜೆಡ್ ಬಾಡಿಗೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್ ಮೇಲೆ ಫೋಕಸ್ ಆಗುತ್ತದೆ. ಬರೀ ಎಎಫ್ ಅಥವಾ ಎಎಫ್-ಡಿ ಇದ್ದರೆ ಆಗುವುದಿಲ್ಲ. ಆ ಲೆನ್ಸ್‌ಗಳನ್ನು ಬಾಡಿಯೊಳಗಿನ ಮೋಟಾರ್ ಒಂದು ಸ್ಕ್ರೂ ಮೂಲಕ ತಿರುಗಿಸುತ್ತಿತ್ತು, ಎಫ್‌ಟಿಜೆಡ್‌ನಲ್ಲಿ ಆ ಮೋಟಾರ್ ಇಲ್ಲ. 105 ಡಿಸಿ, 135 ಡಿಸಿಯಂಥ ಪೋರ್ಟ್ರೇಟ್ ಲೆನ್ಸ್‌ಗಳಿಗಾಗಿಯೇ ವಾಪಸ್ ಹೋಗುವ ಆಸೆ ಇದ್ದರೆ, ಕೈಯಲ್ಲೇ ಫೋಕಸ್ ಮಾಡಬೇಕು. ಸೋನಿ 2020ರಲ್ಲಿ ಹಳೆಯ ಎ ಮೌಂಟ್‌ನವರಿಗೆ ಎಲ್‌ಎ-ಇಎ5 ಅನ್ನುವ ಅಡಾಪ್ಟರ್ ಕೊಟ್ಟು ಅದರೊಳಗೇ ಸ್ಕ್ರೂ ಮೋಟಾರ್ ಇಟ್ಟಿತು. ಅದೂ ಕೆಲವೇ ಬಾಡಿಗಳ ಮೇಲೆ ಪೂರ್ತಿ ಕೆಲಸ ಮಾಡುತ್ತದೆ.

ಈಗಿನ ಲೆನ್ಸ್‌ಗಳನ್ನು ಹೊತ್ತೊಯ್ಯಬಹುದಾ ಅನ್ನುವುದೂ ಮುಖ್ಯ. ಸೋನಿ ಇ ಮೌಂಟ್‌ನ ಅಂತರ 18 ಮಿ.ಮೀ. ನಿಕಾನ್ ಜೆಡ್ 16. ನಡುವೆ ಉಳಿಯುವುದು 2 ಮಿ.ಮೀ. ಅಷ್ಟರಲ್ಲೇ ಒಂದು ತೆಳು ಅಡಾಪ್ಟರ್ ಕೂರಿಸಿ ಸೋನಿ ಲೆನ್ಸ್‌ಗಳನ್ನು ಆಟೋಫೋಕಸ್ ಸಮೇತ ಜೆಡ್ ಬಾಡಿಯ ಮೇಲೆ ಓಡಿಸುವಂತೆ ಬೇರೆ ಕಂಪನಿಗಳು ಮಾಡಿವೆ. ಕ್ಯಾನನ್ ಆರ್‌ಎಫ್‌ಗೆ ಹೋಗುವವರಿಗೆ ಈ ಸೌಕರ್ಯ ಇಲ್ಲ. ಅಲ್ಲಿ ಅಂತರ 20 ಮಿ.ಮೀ. ಇರುವುದರಿಂದ ಅಡಾಪ್ಟರ್‌ಗೆ ಜಾಗವೇ ಇಲ್ಲ. ಹಾಗಾಗಿ ನಿಕಾನ್‌ಗೆ ಮರಳುವವರು ಲೆನ್ಸ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಬಹುದು, ಕ್ಯಾನನ್‌ಗೆ ಮರಳುವವರು ಹೆಚ್ಚುಕಡಿಮೆ ಒಂದೇ ಸಲ ಹಾರಬೇಕು. ಆದರೆ ತೆಳು ಅಡಾಪ್ಟರ್ ನಂಬಿ ದೊಡ್ಡ ಕೆಲಸ ಒಪ್ಪಿಕೊಳ್ಳಬೇಡಿ. ಕ್ಯಾಮೆರಾದ ಫರ್ಮ್‌ವೇರ್ ಬದಲಾದಾಗ ಅದರದ್ದೂ ಬದಲಾಗಬೇಕಾದೀತು. ಭಾರದ ಲೆನ್ಸ್ ಅದರ ಮೇಲೆ ತೂಗುವುದೂ ಒಳ್ಳೆಯದಲ್ಲ.

ಬೀರುವಿನಿಂದ ತೆಗೆದ ಲೆನ್ಸನ್ನು ಹಾಗೇ ಬ್ಯಾಗಿಗೆ ಹಾಕಬೇಡಿ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಮಂಜಿನಂಥ ಪೊರೆ ಇದ್ದರೆ ಹಿಂಬೆಳಕಿನಲ್ಲಿ ಚಿತ್ರ ಬಿಳುಚಿಕೊಳ್ಳುತ್ತದೆ. ಅಪರ್ಚರ್ ರೆಕ್ಕೆಗಳ ಮೇಲೆ ಎಣ್ಣೆ ಹೊಳೆದರೆ ಅವು ತಡವಾಗಿ ಮುಚ್ಚುತ್ತವೆ, ಬೆಳಕು ಒಂದೊಂದು ಫ್ರೇಮ್‌ಗೆ ಒಂದೊಂದು ಥರ ಬರುತ್ತದೆ. ರಬ್ಬರ್ ಅಂಟಂಟಾಗಿದೆಯಾ, ಫೋಕಸ್ ಮಾಡುವಾಗ ಕೀರಲು ಸದ್ದು ಬರುತ್ತಾ ನೋಡಿ. ಹಳೆಯ ಎಎಫ್-ಎಸ್ ಲೆನ್ಸ್‌ಗಳಲ್ಲಿ ಆ ಕೀರಲು ಸದ್ದು ಮೋಟಾರ್ ಸೋಲುತ್ತಿರುವ ಗುರುತು. ಬೂಷ್ಟು ಹಿಡಿದ ಲೆನ್ಸನ್ನು ಒಳ್ಳೆಯ ಲೆನ್ಸ್‌ಗಳ ಪಕ್ಕ ಇಡಲೇಬೇಡಿ.

ಹಳೆ ಡಿಎಸ್‌ಎಲ್‌ಆರ್‌ಗೇ ಮರಳಿದರೆ?

ಇದನ್ನು ಕೇಳುವವರು ಕಡಿಮೆ ಇಲ್ಲ. ಗಾಜಿನ ಮೂಲಕ ನೇರವಾಗಿ ನೋಡುವ ಸುಖ ಬೇರೆಯೇ. ಬ್ಯಾಟರಿಯೂ ಹಾಗೆ: ಕಂಪನಿಗಳೆಲ್ಲ ಬಳಸುವ ಸಿಐಪಿಎ ಅಳತೆಯಲ್ಲಿ ಡಿ850 ಒಂದು ಚಾರ್ಜ್‌ಗೆ 1840 ಚಿತ್ರ ಕೊಡುತ್ತದೆ, ಸೋನಿ ಎ7 ಮಾರ್ಕ್ 3 ವ್ಯೂಫೈಂಡರ್ ಬಳಸಿದರೆ 610. ಸ್ಟುಡಿಯೋದಲ್ಲಿ ಫ್ಲಾಶ್ ಬೆಳಕಲ್ಲಿ, ಟ್ರೈಪಾಡ್ ಮೇಲೆ, ನಿಧಾನವಾಗಿ ಕೆಲಸ ಮಾಡುವವರಿಗೆ ಡಿ850 ಇವತ್ತಿಗೂ ಯಾವುದಕ್ಕೂ ಕಡಿಮೆಯಿಲ್ಲ. ಅದರ 45.7 ಮೆಗಾಪಿಕ್ಸೆಲ್ ಫೈಲ್ ಈಗಲೂ ಅಷ್ಟೇ ಚೆನ್ನ. ಎಎಫ್-ಡಿ ಲೆನ್ಸ್‌ಗಳೂ ಅದರ ಮೇಲೆ ಫೋಕಸ್ ಆಗುತ್ತವೆ.

ಆದರೆ ಓಡಾಟದ ಕೆಲಸಕ್ಕೆ ನಾನು ಇದನ್ನು ಹೇಳುವುದಿಲ್ಲ. ಕಣ್ಣನ್ನು ಹಿಂಬಾಲಿಸುವ ಫೋಕಸ್‌ಗೆ ಒಗ್ಗಿದ ಮೇಲೆ, ಮತ್ತೆ ಮಧ್ಯದ ಬಿಂದುವಿನಲ್ಲಿ ಹಿಡಿದು ಫ್ರೇಮ್ ಸರಿಸುವುದು ಕಷ್ಟವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ದಾರಿ. ನಿಕಾನ್ ಡಿ6, ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಎರಡೂ 2020ರವು, ಅವುಗಳ ನಂತರ ಆ ದರ್ಜೆಯ ಡಿಎಸ್‌ಎಲ್‌ಆರ್ ಆ ಕಂಪನಿಗಳಿಂದ ಬಂದಿಲ್ಲ. ಶಟರ್ ಸವೆದರೆ, ಕನ್ನಡಿಯ ಯಂತ್ರ ಕೆಟ್ಟರೆ, ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ. ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿಯುವವರು ಎರಡನೇ ಬಾಡಿ ಇಲ್ಲದೆ ಈ ದಾರಿ ಹಿಡಿಯಬಾರದು.

ಬೇರೆಲ್ಲಿಯೂ ಸಿಗದ ಆ ಒಂದು ಲೆನ್ಸ್

ಬಾಡಿಗಳು ಸಮವಾಗಿರುವಾಗ ತಕ್ಕಡಿ ತೂಗಿಸುವುದು ಲೆನ್ಸ್. ಒಂದೇ ಒಂದು ಲೆನ್ಸ್‌ಗಾಗಿ ಸಿಸ್ಟಮ್ ಬದಲಿಸುವುದು ಹುಚ್ಚಲ್ಲ, ಆ ಲೆನ್ಸ್ ನಿಮ್ಮ ಅನ್ನದ ಲೆನ್ಸ್ ಆಗಿದ್ದರೆ.

ಹಕ್ಕಿ, ಪ್ರಾಣಿ ತೆಗೆಯುವವರಿಗೆ ನಿಕಾನ್ ಈಗ ಬಲವಾಗಿ ಎಳೆಯುತ್ತದೆ. ಜೆಡ್ 600 ಎಫ್6.3 ಟ್ರೈಪಾಡ್ ಕಾಲು ಸೇರಿ 1470 ಗ್ರಾಂ. ಮೂರು ಕೆಜಿ ದಾಟುವ 600 ಎಫ್4 ಹೊತ್ತವರಿಗೆ ಇದರ ಬೆಲೆ ಗೊತ್ತು. ಬೆಳಕು ಒಂದೂಕಾಲು ಸ್ಟಾಪ್‌ನಷ್ಟು ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಆದರೆ ಕೈಯಲ್ಲೇ ಹಿಡಿದು ಗಂಟೆಗಟ್ಟಲೆ ಕಾಯಬಹುದು. ಬೆಳಕೇ ಬೇಕೆನ್ನುವವರಿಗೆ ಒಳಗೇ ಇನ್ನೂ ದೂರ ಎಳೆಯುವ 1.4 ಪಟ್ಟು ಕನ್ವರ್ಟರ್ ಇರುವ 600 ಎಫ್4 ಇದೆ. ಕ್ಯಾನನ್‌ನಲ್ಲಿ 2018ರ 28-70 ಎಫ್2, ಮೈದಾನದ ಆಟಗಳಿಗೆ 100-300 ಎಫ್2.8.

ಸೋನಿಯ ಬಲ ಬೇರೆ ಕಡೆ ಇದೆ. 2011ರಲ್ಲೇ ಇ ಮೌಂಟ್‌ನ ಮೂಲ ವಿವರಗಳನ್ನು ಬೇರೆ ತಯಾರಕರಿಗೆ ತೆರೆದಿಟ್ಟಿತು. ಅದರಿಂದ ಸಿಗ್ಮಾ, ಟ್ಯಾಮ್ರಾನ್‌ನಂಥ ಕಂಪನಿಗಳ ಲೆನ್ಸ್ ಸಾಲು ಅಲ್ಲಿ ಇರುವಷ್ಟು ಉದ್ದ ಇನ್ನೆಲ್ಲೂ ಇಲ್ಲ. ಕ್ಯಾನನ್ ಬಹಳ ಕಾಲ ಆರ್‌ಎಫ್ ಬಾಗಿಲು ಮುಚ್ಚಿಟ್ಟು, 2024ರಲ್ಲಿ ಸಣ್ಣ ಸೆನ್ಸರ್‌ನ ಲೆನ್ಸ್‌ಗಳಿಗೆ ಮಾತ್ರ ಸ್ವಲ್ಪ ತೆರೆಯಿತು. ನಿಮ್ಮ ಬ್ಯಾಗಿನಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳೇ ಜಾಸ್ತಿ ಇದ್ದರೆ, ಕ್ಯಾನನ್‌ಗೆ ಹೋದಾಗ ಅದೇ ಕೆಲಸಕ್ಕೆ ತುಂಬಾ ಜಾಸ್ತಿ ಕೊಡಬೇಕಾಗುತ್ತದೆ. ಸೋನಿಯಲ್ಲೂ ಒಂದು ಕಟ್ಟು ಇದೆ: ವೇಗದ ಬಾಡಿಗಳ ಮೇಲೆ ಬೇರೆ ಕಂಪನಿಯ ಲೆನ್ಸ್ ಹಾಕಿದರೆ ಸೆಕೆಂಡಿಗೆ 15 ಫ್ರೇಮ್‌ಗೆ ನಿಲ್ಲುತ್ತದೆ. ಮದುವೆಗೆ ಅದು ಲೆಕ್ಕಕ್ಕಿಲ್ಲ, ಕ್ರೀಡೆಗೆ ಲೆಕ್ಕಕ್ಕಿದೆ.

ಚಿಲ್ಲರೆ ಅನ್ನಿಸುವ ಖರ್ಚು

ಬಾಡಿ, ಲೆನ್ಸ್‌ಗಳ ಲೆಕ್ಕ ಎಲ್ಲರೂ ಹಾಕುತ್ತಾರೆ. ಜೇಬು ಕೊರೆಯುವುದು ಉಳಿದದ್ದು. ಸೋನಿ ಎ1, ಎ9 ಮಾರ್ಕ್ 3ರಲ್ಲಿ ಬಳಸುವುದು ಸಿಎಫ್‌ಎಕ್ಸ್‌ಪ್ರೆಸ್ ಎ ಮಾದರಿಯ ಕಾರ್ಡ್. ನಿಕಾನ್ ಜೆಡ್9, ಜೆಡ್8, ಕ್ಯಾನನ್ ಆರ್5ರಲ್ಲಿ ಬಿ ಮಾದರಿ. ಆಕಾರವೇ ಬೇರೆ. ಕಾರ್ಡೂ ಹೊಸದು, ರೀಡರೂ ಹೊಸದು. ಬ್ಯಾಟರಿಯಲ್ಲಿ ಮರಳುವವರಿಗೆ ಕೊಂಚ ಸಮಾಧಾನ ಇದೆ. ನಿಕಾನ್ 2010ರಿಂದ ಇಎನ್-ಇಎಲ್15 ಆಕಾರವನ್ನು ಉಳಿಸಿಕೊಂಡು ಬಂದಿದೆ, ಕ್ಯಾನನ್ 2008ರಿಂದ ಎಲ್‌ಪಿ-ಇ6. ಆದರೆ ಹೆಸರಿನ ಕೊನೆಯ ಅಕ್ಷರ ನೋಡಿ. ಹಳೆಯವು ಕ್ಯಾಮೆರಾದೊಳಗೇ ಯುಎಸ್‌ಬಿ ಚಾರ್ಜ್ ಆಗದಿರಬಹುದು, ಆರ್5 ಮಾರ್ಕ್ 2ರಂಥ ಬಾಡಿಯಲ್ಲಿ ಹಾಕಿದರೆ ಕೆಲವು ಸೌಲಭ್ಯ ಸಿಗದು.

ಫ್ಲಾಶ್ ಸಂಗತಿ ಇನ್ನೊಂದು. ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲಾಶ್ ಆ ಬ್ರ್ಯಾಂಡ್‌ಗೇ ಮೀಸಲು. ಸ್ಟ್ಯಾಂಡ್ ಮೇಲಿನ ದೊಡ್ಡ ಫ್ಲಾಶ್‌ಗಳು ರೇಡಿಯೋದಲ್ಲಿ ನಡೆಯುವಂಥವಾದರೆ ಟ್ರಿಗರ್ ಮಾತ್ರ ಬದಲಿಸಿದರೆ ಸಾಕು. ಟ್ರೈಪಾಡ್‌ಗೆ ಕೂರಿಸುವ ಎಲ್-ಪ್ಲೇಟ್, ಬ್ಯಾಟರಿ ಗ್ರಿಪ್, ರಿಮೋಟ್, ಅಳತೆ ಬೇರೆಯಾದ ಫಿಲ್ಟರ್‌ಗಳು, ಎಲ್ಲ ಸೇರಿಸಿ ಬರೆದು ನೋಡಿ. ಸಾಮಾನ್ಯವಾಗಿ ಒಂದು ಒಳ್ಳೆಯ ಲೆನ್ಸ್‌ನಷ್ಟಾಗುತ್ತದೆ. ಆ ಮೊತ್ತದಲ್ಲಿ ಇದ್ದಲ್ಲೇ ಇದ್ದು ಆ ಲೆನ್ಸ್ ಕೊಂಡರೆ ಕೆಲಸ ಸುಧಾರಿಸುತ್ತದಾ ಅಂತ ಕೇಳಿಕೊಳ್ಳಿ.

ಬಣ್ಣದ ಬಗ್ಗೆ ಎರಡೇ ಮಾತು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆದು ನೀವೇ ಕೂತು ಬಣ್ಣ ಕಟ್ಟುವವರಾದರೆ, ಕ್ಯಾನನ್ ಚರ್ಮದ ಬಣ್ಣ, ನಿಕಾನ್ ಹಸಿರು ಅನ್ನುವುದೆಲ್ಲ ಬಹುಪಾಲು ಪ್ರೊಫೈಲ್‌ನಲ್ಲಿ ಸರಿಹೋಗುತ್ತದೆ. ಸ್ಥಳದಿಂದಲೇ ಜೆಪೆಗ್ ಕಳಿಸುವ ಸುದ್ದಿ, ಕ್ರೀಡೆಯವರಿಗೆ ಮಾತ್ರ ಇದು ನಿಜವಾದ ಕಾರಣ.

ಎರಡೂ ಇಟ್ಟುಕೊಳ್ಳುವುದು

ಕೆಲಸ ಸ್ಪಷ್ಟವಾಗಿ ಎರಡು ಭಾಗವಾಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಉದಾಹರಣೆಗೆ ವಿಡಿಯೋ ಸೋನಿಯಲ್ಲಿ, ಕಾಡಿನ ಕೆಲಸ ನಿಕಾನ್‌ನಲ್ಲಿ. ಒಂದೇ ಸಮಾರಂಭಕ್ಕೆ ಎರಡು ಬ್ರ್ಯಾಂಡ್ ಹೊತ್ತು ಹೋಗುವುದು ಮಾತ್ರ ತಲೆನೋವು. ಎರಡು ಚಾರ್ಜರ್, ಎರಡು ಬಗೆಯ ಕಾರ್ಡ್, ಕೂಡದ ಚರ್ಮದ ಬಣ್ಣ. ಬದಲಾವಣೆಯ ಕೆಲವು ತಿಂಗಳು ಹೀಗೆ ಇರಬೇಕಾಗಿ ಬಂದರೆ, ಪ್ರತಿ ಬೆಳಕಿನಲ್ಲೂ ಎರಡೂ ಬಾಡಿಯಲ್ಲಿ ಕಲರ್ ಚಾರ್ಟ್ ಒಂದು ಫ್ರೇಮ್ ತೆಗೆಯಿರಿ, ಗಡಿಯಾರಗಳನ್ನು ಸೆಕೆಂಡಿಗೆ ಹೊಂದಿಸಿ. ಆಮೇಲೆ ವಿಂಗಡಿಸುವಾಗ ಅರ್ಧ ಕೆಲಸ ಉಳಿಯುತ್ತದೆ.

ಸಣ್ಣ ಸೆನ್ಸರ್‌ನ ಮೈಕ್ರೋ ಫೋರ್ ಥರ್ಡ್ಸ್ ಬಿಟ್ಟು, ಹಳೆ ಫಿಲ್ಮ್ ಫ್ರೇಮಿನಷ್ಟು ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ಗೆ ಹೋಗಿ ಈಗ ಮರಳಬೇಕೆನ್ನುವವರ ಕಥೆ ಸ್ವಲ್ಪ ಬೇರೆ. ಅಲ್ಲಿ 2008ರ ಮೌಂಟ್ ಇವತ್ತಿಗೂ ಅದೇ, ಹಳೆ ಲೆನ್ಸ್ ನೇರವಾಗಿ ಕೂರುತ್ತದೆ. ಆ ಮೌಂಟಿನ ಕ್ಯಾಮೆರಾ ಮಾಡುತ್ತಿದ್ದ ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರಲ್ಲಿ ಒಎಂ ಡಿಜಿಟಲ್ ಸೊಲ್ಯೂಷನ್ಸ್ ಕೈಗೆ ಹೋಯಿತು, ಸಾಲು ನಿಲ್ಲಲಿಲ್ಲ. 300 ಎಫ್4 ಲೆನ್ಸ್ ಫುಲ್ ಫ್ರೇಮ್‌ನ 600ರಷ್ಟು ದೂರ ಎಳೆಯುತ್ತದೆ. ಹಿನ್ನೆಲೆ ಮಸುಕಾಗುವುದು ಮಾತ್ರ ಎಫ್8ರಷ್ಟೇ, ಮಬ್ಬು ಬೆಳಕಿನಲ್ಲಿ ನಾಯ್ಸ್ ಸುಮಾರು ಎರಡು ಸ್ಟಾಪ್ ಮುಂಚೆ ಕಾಣುತ್ತದೆ. ನೀವು ಬಿಟ್ಟದ್ದು ಈ ಕಾರಣಕ್ಕಾದರೆ ಅದು ಬದಲಾಗಿಲ್ಲ. ಸೆನ್ಸರ್ ಅಳತೆ ಬದಲಾಗದೆ ಅದು ಬದಲಾಗುವುದೂ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಹಳೆಯ ಇಎಫ್ ಅಥವಾ ಎಎಫ್-ಎಸ್ ಒಳ್ಳೆಯ ಲೆನ್ಸ್‌ಗಳು ಇನ್ನೂ ನಿಮ್ಮಲ್ಲಿದ್ದು, ಈಗಿನ ಬಾಡಿಗೆ ಕೈ ಒಗ್ಗಿಲ್ಲದಿದ್ದರೆ, ಅದೇ ಕಂಪನಿಯ ಹೊಸ ಮೌಂಟ್‌ಗೆ ಧೈರ್ಯವಾಗಿ ಹೋಗಿ. ಹಳೆಯದೆಲ್ಲ ಮಾರಿ ಮುಗಿಸಿದ್ದು, ಈಗ ಬ್ಯಾಗ್ ತುಂಬ ಸಿಗ್ಮಾ, ಟ್ಯಾಮ್ರಾನ್ ಇದ್ದರೆ, ಇದ್ದಲ್ಲೇ ಇದ್ದು ಬಾಡಿ ಬದಲಿಸಿ ನೋಡಿ ಅನ್ನುತ್ತೇನೆ. ನಡುವೆ ಇರುವವರಿಗೆ ಸರ್ವಿಸ್ ತೀರ್ಮಾನಿಸಲಿ. ನಿಕಾನ್, ಕ್ಯಾನನ್, ಸೋನಿ ಮೂರಕ್ಕೂ ವೃತ್ತಿಪರರ ಸೇವೆ ಇದೆ. ಯಾವುದು ನಿಮಗೆ ಹತ್ತಿರ, ರಿಪೇರಿ ಹೊತ್ತಿನಲ್ಲಿ ಯಾರು ಬದಲಿ ಬಾಡಿ ಕೊಡುತ್ತಾರೆ ಅಂತ ಮೊದಲೇ ಕೇಳಿ.

ಕೊಳ್ಳುವ ಮುಂಚೆ ಬಾಡಿಗೆಗೆ ತನ್ನಿ. ಅಂಗಡಿಯಲ್ಲಿ ಹಿಡಿದು ನೋಡುವುದರಿಂದ ಏನೂ ತಿಳಿಯುವುದಿಲ್ಲ. ಒಂದು ನಿಜವಾದ ಕೆಲಸಕ್ಕೆ ಎರಡನೇ ಬಾಡಿಯಾಗಿ ಒಯ್ಯಿರಿ, ಮುಖ್ಯ ಚಿತ್ರಗಳನ್ನು ಈಗಿನದರಲ್ಲೇ ತೆಗೆಯಿರಿ. ಎಲ್‌ಇಡಿ ದೀಪಗಳ ಕೆಳಗೆ ಸದ್ದಿಲ್ಲದ ಶಟರ್‌ನಲ್ಲಿ ಪಟ್ಟೆ ಬೀಳುತ್ತದಾ ಅಂತ ಅಲ್ಲೇ ನೋಡಿ. ಜೆಡ್9, ಜೆಡ್8ರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲ, ಆದ್ದರಿಂದ ಇದು ಮುಖ್ಯ. ಮನೆಗೆ ಬಂದು ಆ ಫೈಲ್‌ಗಳನ್ನು ನಿಮ್ಮ ಮಾಮೂಲಿ ಎಡಿಟಿಂಗ್‌ನಲ್ಲಿ ಪೂರ್ತಿ ಹಾಯಿಸಿ, ಅಡಚಣೆ ಎಲ್ಲಿ ಬಂತು ಗುರುತಿಸಿ.

ಮಾರುವಾಗ ಕ್ರಮ ಇರಲಿ. ಕೆಲಸ ದಟ್ಟವಾಗಿರುವ ತಿಂಗಳಲ್ಲಿ ಯಾವುದನ್ನೂ ಮಾರಬೇಡಿ. ಮೊದಲು ಬಾಡಿ, ಯಾಕೆಂದರೆ ಹೊಸ ಮಾಡೆಲ್ ಬಂದ ದಿನವೇ ಅದರ ಬೆಲೆ ಇಳಿಯುತ್ತದೆ. ಲೆನ್ಸ್‌ಗಳು ಬೆಲೆ ಹಿಡಿದುಕೊಳ್ಳುತ್ತವೆ, ಅವು ಆಮೇಲೆ. ಒಂದು ಬಾಡಿ, ಒಂದು ಜೂಮ್ ಹೊಸ ಸಿಸ್ಟಮ್ ಮೇಲೆ ಪೂರ್ತಿ ನಂಬಿಕೆ ಬರುವವರೆಗೆ ಇರಲಿ. ಕ್ಯಾಮೆರಾ ಕೈಬಿಡುವ ಮೊದಲು ಮೆನುವಿನಲ್ಲಿರುವ ನಿಮ್ಮ ಕಾಪಿರೈಟ್ ಹೆಸರು, ಎಫ್‌ಟಿಪಿ ಮತ್ತು ವೈಫೈ ಪಾಸ್‌ವರ್ಡ್ ಅಳಿಸಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ.